ಟ್ರೈ-ಆಂಗ್ 'ಪ್ರಿನ್ಸೆಸ್ ಎಲಿಜಬೆತ್' 46201: ಬಿಚ್ಚಿ, ಒರೆಸಿ, ಮತ್ತೆ ಓಡಿಸಿದ ದಾಖಲೆ

ಮೇಜಿನ ಮೇಲಿರುವುದು ಬ್ರಿಟನ್ನಿನ ಟ್ರೈ-ಆಂಗ್ ಹೆಸರಿನ ಹಳೆಯ ಆಟಿಕೆ ರೈಲು ಎಂಜಿನ್, ಮಾದರಿ ಸಂಖ್ಯೆ ಆರ್50. ಕಪ್ಪು ಬಣ್ಣದ 4-6-2 ಎಂಜಿನ್ (ಮುಂದೆ ನಾಲ್ಕು, ನಡುವೆ ಆರು ಚಾಲಕ, ಹಿಂದೆ ಎರಡು ಗಾಲಿ), ಓಓ ಅಳತೆ (ನಿಜದ 76ರಲ್ಲಿ ಒಂದು ಭಾಗ), ಎರಡು ಹಳಿ, 12 ವೋಲ್ಟ್ ಡಿಸಿ. ಕರೆಂಟು ಕೊಟ್ಟರೆ ಗುಂಯ್ ಎನ್ನುತ್ತದೆ, ಬೆರಳಿನಿಂದ ತಳ್ಳಿದರೆ ಒಂದು ಸುತ್ತು ಹೋಗಿ ನಿಲ್ಲುತ್ತದೆ, ಎರಡು ನಿಮಿಷಕ್ಕೆ ಮೋಟಾರು ಮುಟ್ಟಲಾಗದಷ್ಟು ಕಾಯುತ್ತದೆ. ಬಾಡಿಯ ಬಾಯ್ಲರ್ ಭಾಗ ನಡುವೆ ತುಸು ಮೇಲಕ್ಕೆ ಬಾಗಿದೆ. ಕ್ಯಾಬಿನ (ಚಾಲಕನ ಕೋಣೆ) ಎಡ ಮೂಲೆಯಲ್ಲಿ 6 ಮಿ.ಮೀ. ಉದ್ದದ ಬಿರುಕು. ಒಂದು ಬದಿಯ ಗಾಲಿಗಳಲ್ಲಿ ಕಂದು ತುಕ್ಕು.

ಕೆಲಸ ಶುರು ಮಾಡುವ ಮುಂಚೆ ಈ ಮಾದರಿಯ ಹುಟ್ಟು ಗೊತ್ತಿರಬೇಕು, ಏಕೆಂದರೆ ಯಾವ ಅಂಟು, ಯಾವ ದ್ರಾವಣ ಬಳಸಬಹುದು ಎನ್ನುವುದು ಅದರ ಮೇಲೇ ನಿಂತಿದೆ. ನಿಜವಾದ 6201 ಎಂಜಿನ್ 1933ರಲ್ಲಿ ಕ್ರೂ ಕಾರ್ಖಾನೆಯಲ್ಲಿ ತಯಾರಾದದ್ದು. ವಿಲಿಯಂ ಸ್ಟೇನಿಯರ್ ವಿನ್ಯಾಸ, ನಾಲ್ಕು ಸಿಲಿಂಡರು, 6 ಅಡಿ 6 ಅಂಗುಲದ ಚಾಲಕ ಗಾಲಿಗಳು, ಚದರ ಅಂಗುಲಕ್ಕೆ 250 ಪೌಂಡ್ ಬಾಯ್ಲರ್ ಒತ್ತಡ. ಆಗ ಏಳು ವರ್ಷದವಳಾಗಿದ್ದ, ಮುಂದೆ ರಾಣಿಯಾದ ರಾಜಕುಮಾರಿಯ ಹೆಸರು ಇಟ್ಟರು. 1936ರ ನವೆಂಬರ್ 16ರಂದು ಲಂಡನ್ನಿನ ಯೂಸ್ಟನ್‌ನಿಂದ ಗ್ಲಾಸ್ಗೋವರೆಗಿನ 401 ಮೈಲಿಯನ್ನು ಎಲ್ಲೂ ನಿಲ್ಲದೆ 5 ಗಂಟೆ 53 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿತು. ಮರುದಿನ ವಾಪಸು ಬರುವಾಗ 5 ಗಂಟೆ 44 ನಿಮಿಷ 14 ಸೆಕೆಂಡು. 1948ರ ರಾಷ್ಟ್ರೀಕರಣದ ನಂತರ ಸಂಖ್ಯೆಗೆ 40,000 ಸೇರಿ 46201 ಆಯಿತು. ಎಂಜಿನ್ ಇಂದೂ ಉಳಿದಿದೆ.

ಮಾದರಿಯ ಕಥೆ ಬೇರೆ. ರೋವೆಕ್ಸ್ ಎಂಬ ಸಣ್ಣ ಪ್ಲಾಸ್ಟಿಕ್ ಕಂಪನಿ ಇದನ್ನು ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಿಗಾಗಿ ತಯಾರಿಸಿ 1950ರ ಕ್ರಿಸ್‌ಮಸ್‌ಗೆ ಮಾರಾಟಕ್ಕೆ ಕೊಟ್ಟಿತು. 1951ರಲ್ಲಿ ಲೈನ್ಸ್ ಬ್ರದರ್ಸ್ ಆ ಕಂಪನಿಯನ್ನು ಕೊಂಡಿತು, ಟ್ರೈ-ಆಂಗ್ ಎಂಬ ಹೆಸರು ಬಂತು, 1954ರಲ್ಲಿ ಕೆಲಸ ಮಾರ್ಗೇಟ್ ಊರಿನ ಹೊಸ ಕಾರ್ಖಾನೆಗೆ ಹೋಯಿತು. ಮೊದಲ ವರ್ಷಗಳ ಬಾಡಿಗಳು ಸೆಲ್ಯುಲೋಸ್ ಅಸಿಟೇಟ್‌ನವು, ಆಮೇಲಿನವು ಪಾಲಿಸ್ಟೈರೀನ್‌ನವು. ಹೊರನೋಟಕ್ಕೆ ಎರಡೂ ಕಪ್ಪು, ಎರಡೂ ಪ್ಲಾಸ್ಟಿಕ್. ಆದರೆ ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ. ಈ ದಾಖಲೆಯ ಒಂದು ದೊಡ್ಡ ಭಾಗ ಆ ಒಂದು ವಿಷಯಕ್ಕೇ ಮೀಸಲು.

ಮೊದಲು ಅಳತೆ, ಆಮೇಲೆ ಸ್ಕ್ರೂಡ್ರೈವರ್

ಏನನ್ನೂ ಬಿಚ್ಚುವ ಮುಂಚೆ ಎಂಟು ಫೋಟೊ: ನಾಲ್ಕು ಬದಿ, ಮೇಲೆ, ಕೆಳಗೆ, ಸಂಖ್ಯೆ ಮತ್ತು ಹೆಸರಿನ ಹತ್ತಿರದ ನೋಟ, ಎಂಜಿನ್ನಿಗೂ ಟೆಂಡರಿಗೂ (ಹಿಂದೆ ಬರುವ ಕಲ್ಲಿದ್ದಲು ಗಾಡಿ) ನಡುವಿನ ಕೊಂಡಿ. ನಂತರ ಕರೆಂಟಿನ ಅಳತೆ. ಹಳೆಯ ಪೆಟ್ಟಿಗೆಯ ಜೊತೆ ಬರುವ ಬ್ರಿಟಿಷ್ ಕಂಟ್ರೋಲರ್ ಬಳಸಲೇಬೇಡಿ. ವೋಲ್ಟೇಜು ನಮ್ಮದಕ್ಕೆ ಹೊಂದಿದರೂ ಅರವತ್ತು ವರ್ಷದ ರಬ್ಬರ್ ವೈರು ಒಳಗೆ ಪುಡಿಯಾಗಿರುತ್ತದೆ, ಮುಟ್ಟುವ ಲೋಹದ ಡಬ್ಬಿಗೆ ಮನೆಯ 230 ವೋಲ್ಟ್ ಬರಬಹುದು. 12 ವೋಲ್ಟ್ 1 ಆಂಪಿಯರಿನ ಹೊಸ ಡಿಸಿ ಕಂಟ್ರೋಲರ್ ಸಾಕು. ಹಳಿಗೆ ಹೋಗುವ ಒಂದು ತಂತಿಯ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಸ್ಥಾನದಲ್ಲಿಟ್ಟು ಸೇರಿಸಿ.

ಮೊದಲ ಅಳತೆ: 8 ವೋಲ್ಟಿಗೆ 0.9 ಆಂಪಿಯರ್, ಗಾಲಿ ಬಹುಮಟ್ಟಿಗೆ ನಿಂತಿದೆ. ಬಾಡಿ ತೆಗೆದು, ಮೋಟಾರನ್ನು ಚಾಸಿಯಿಂದ (ಗಾಲಿಗಳಿರುವ ಲೋಹದ ಅಡಿಚೌಕಟ್ಟು) ಬೇರ್ಪಡಿಸಿ, ಬರಿಯ ಮೋಟಾರನ್ನೇ ತಿರುಗಿಸಿದಾಗ 0.62 ಆಂಪಿಯರ್. ಇದರೊಳಗಿರುವುದು ಟ್ರೈ-ಆಂಗ್‌ನ ಎಕ್ಸ್04 ಮೋಟಾರು; ಸುಸ್ಥಿತಿಯದು ಹೊರೆ ಇಲ್ಲದೆ ಹೆಚ್ಚುಕಡಿಮೆ ಕಾಲು ಆಂಪಿಯರ್ ಎಳೆಯಬೇಕು. ಅಂದರೆ ರೋಗ ಎರಡು ಕಡೆ ಇದೆ: ಮೋಟಾರಿನೊಳಗೂ ಇದೆ, ಗಾಲಿಗಳ ಬಿಗಿತದಲ್ಲೂ ಇದೆ. ಮೋಟಾರನ್ನು ಬೇರೆ ಮಾಡಿ ಅಳೆಯದೆ ಹೋದರೆ ಇದು ಗೊತ್ತಾಗುತ್ತಿರಲಿಲ್ಲ. ಬಹಳಷ್ಟು ಜನ ಇಲ್ಲೇ ಹೊಸ ಬ್ರಷ್ (ಕರೆಂಟು ದಾಟಿಸುವ ಕಾರ್ಬನ್ ತುಂಡು) ಹಾಕಿ, ಓಡದೆ ಹೋದಾಗ ಆರ್ಮೇಚರ್ (ತಿರುಗುವ ತಂತಿ ಸುರುಳಿಯ ಭಾಗ) ಸುಟ್ಟಿದೆ ಎಂದು ತೀರ್ಮಾನಿಸುತ್ತಾರೆ.

ಒಂದು ಪತ್ತೇದಾರಿ ಅಂಶ. ಬೇರಿಂಗಿನ ಪಕ್ಕದಲ್ಲಿ ಎಣ್ಣೆ ಹಿಡಿದಿಡುವ ಫೆಲ್ಟ್ ತುಂಡು ಇದೆ. ಅದು ಆಮೇಲಿನ ಎಕ್ಸ್04ರ ಗುರುತು. ಬಾಡಿ ಅದಕ್ಕಿಂತ ಹಿಂದಿನದು. ಅಂದರೆ ಯಾರೋ ಹಿಂದೆಯೇ ಮೋಟಾರು ಬದಲಿಸಿದ್ದಾರೆ. ಸಂಗ್ರಹದ ದೃಷ್ಟಿಯಿಂದ ಇದು 'ಕೂಡಿಸಿದ' ಎಂಜಿನ್, ಕಾರ್ಖಾನೆಯಿಂದ ಹೊರಬಂದ ಹಾಗೇ ಉಳಿದದ್ದಲ್ಲ. ಮಾರುವವರು ಇದನ್ನು ಹೇಳಬೇಕು, ಕೊಳ್ಳುವವರು ಬಾಡಿ ತೆಗೆಸಿ ನೋಡಬೇಕು. ಓಡಿಸುವ ದೃಷ್ಟಿಯಿಂದ ಮಾತ್ರ ಇದು ಒಳ್ಳೆಯ ಸುದ್ದಿ: ಎಕ್ಸ್04ಕ್ಕೆ ಬ್ರಷ್, ಸ್ಪ್ರಿಂಗ್, ಮ್ಯಾಗ್ನೆಟ್ ಎಲ್ಲವೂ ಬ್ರಿಟನ್ನಿನ ಬಿಡಿಭಾಗದ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ.

ಬಾಡಿ: ವಿನಿಗರ್ ವಾಸನೆ ಬರುತ್ತಿದೆಯೇ?

ಅಸಿಟೇಟ್ ಗುರುತಿಸಲು ಮೊದಲ ಸಾಧನ ಮೂಗು. ಎಂಜಿನ್ನನ್ನು ಒಂದು ರಾತ್ರಿ ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆ ತೆರೆದ ಕೂಡಲೇ ಮೂಸಿ. ಹುಳಿ ವಾಸನೆ, ವಿನಿಗರ್ ಹಾಗೆ, ಬಂದರೆ ಅದು ಅಸಿಟೇಟ್ ಮತ್ತು ಅದು ಕೆಡುತ್ತಿದೆ. ಎರಡನೆಯ ಗುರುತು ಬಾಗು. ಪಾಲಿಸ್ಟೈರೀನ್ ಬಾಡಿ ಬಿಸಿ ತಾಗದೆ ತಾನಾಗಿ ಬಾಗುವುದಿಲ್ಲ. ಅಸಿಟೇಟ್ ಮಾತ್ರ ತನ್ನೊಳಗೆ ಬೆರೆಸಿದ್ದ ಮೆದುಕಾರಕವನ್ನು ವರ್ಷಗಟ್ಟಲೆ ಕಳೆದುಕೊಂಡು ಕುಗ್ಗುತ್ತದೆ. ಬಾಡಿಯ ದಪ್ಪ ಎಲ್ಲ ಕಡೆ ಒಂದೇ ಇಲ್ಲದ್ದರಿಂದ ಕುಗ್ಗುವುದೂ ಒಂದೇ ಸಮ ಇರುವುದಿಲ್ಲ; ತೆಳುವಾದ ರನ್ನಿಂಗ್ ಪ್ಲೇಟ್ (ಬಾಯ್ಲರ್ ಪಕ್ಕದ ನಡೆಹಲಗೆ) ಒಂದು ಕಡೆ ಎಳೆಯುತ್ತದೆ, ದಪ್ಪ ಬಾಯ್ಲರ್ ಇನ್ನೊಂದು ಕಡೆ. ಹಾಗಾಗಿ ಬಾಗು.

ಮೂರನೆಯದು ದ್ರಾವಣದ ಪರೀಕ್ಷೆ. ಬಾಡಿಯ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ, ಹಲ್ಲುಕಡ್ಡಿಯ ತುದಿಯಿಂದ ಪಾಲಿಸ್ಟೈರೀನ್ ಕಿಟ್‌ಗಳಿಗೆ ಬಳಸುವ, ಅಸಿಟೋನ್ ಬೆರೆಯದ ತೆಳು ಸಿಮೆಂಟಿನ (ಅಂಟಿನ) ಒಂದು ಚುಕ್ಕೆ. ಮೂವತ್ತು ಸೆಕೆಂಡಿನಲ್ಲಿ ಮೇಲ್ಮೈ ಅಂಟಂಟಾದರೆ ಪಾಲಿಸ್ಟೈರೀನ್. ಏನೂ ಆಗದೆ ಒಣಗಿಹೋದರೆ ಅಸಿಟೇಟ್ ಎಂಬ ಅನುಮಾನ ಬಲವಾಗುತ್ತದೆ. ಇಲ್ಲಿ ಏನೂ ಆಗಲಿಲ್ಲ.

ಬಾಗನ್ನು ಸರಿಪಡಿಸಬೇಕೇ? ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಬಿಸಿನೀರಿನಲ್ಲಿ ಮುಳುಗಿಸಿ ಹಲಗೆಗೆ ಕಟ್ಟಿ ನೇರ ಮಾಡುವ ಉಪಾಯ ಬಹಳ ಕಡೆ ಹೇಳುತ್ತಾರೆ. ಅಸಿಟೇಟ್ ಕೆಡುವುದೇ ನೀರಿನಂಶ ಮತ್ತು ಬಿಸಿಯಿಂದ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ವಾರ ನೇರವಾಗಿ ಕಂಡು ಆಮೇಲೆ ಮೊದಲಿಗಿಂತ ಹೆಚ್ಚು ಬಾಗುತ್ತದೆ, ಬೆಳ್ಳಿ ಬಣ್ಣದ ಸಂಖ್ಯೆ ಎದ್ದುಬರುತ್ತದೆ, ತೆಳು ಮೆಟ್ಟಿಲುಗಳು ಮುರಿಯುತ್ತವೆ. ಕುಗ್ಗಿದ ವಸ್ತು ಮತ್ತೆ ಹಿಗ್ಗುವುದಿಲ್ಲ. ಈ ಎಂಜಿನ್ನಿನಲ್ಲಿ ಬಾಗು ಸ್ಕೇಲು ಹಿಡಿದು ನೋಡಿದರೆ 1.5 ಮಿ.ಮೀ. ಅಷ್ಟೇ. ಬಾಡಿ ಚಾಸಿಯ ಮೇಲೆ ಒತ್ತಾಯವಿಲ್ಲದೆ ಕೂರಬೇಕು ಎನ್ನುವುದೊಂದೇ ಗಮನಿಸಬೇಕಾದದ್ದು. ಅಡಿಯ ಸ್ಕ್ರೂವನ್ನು ಪೂರ್ತಿ ಬಿಗಿದು ಬಾಗನ್ನು 'ಎಳೆದು' ನೇರ ಮಾಡಿದರೆ ಸ್ಕ್ರೂ ಹಿಡಿಯುವ ದಿಂಡಿನ ಬುಡದಲ್ಲಿ ಬಿರುಕು ಬೀಳುತ್ತದೆ. ಬದಲಿಗೆ ಸ್ಕ್ರೂ ತಲೆಯ ಕೆಳಗೆ 0.5 ಮಿ.ಮೀ. ದಪ್ಪದ ಫೈಬರ್ ವಾಷರ್ ಒಂದನ್ನು ಇಟ್ಟು, ತಲೆ ತಾಗಿದ ಮೇಲೆ ಕಾಲು ಸುತ್ತು ಮಾತ್ರ ತಿರುಗಿಸಿ ಬಿಟ್ಟಿದೆ. ಬಾಡಿ ಅಲ್ಲಾಡುವುದಿಲ್ಲ, ಎಳೆತವೂ ಇಲ್ಲ.

ಕ್ಯಾಬಿನ ಬಿರುಕಿಗೆ ಮಾತ್ರ ಅಂಟು ಬೇಕು, ಬಿಟ್ಟರೆ ಬೆಳೆಯುತ್ತದೆ. ಅಸಿಟೇಟ್ ಕರಗುವುದು ಅಸಿಟೋನಿನಲ್ಲಿ. ಶುದ್ಧ ಅಸಿಟೋನ್ ತನ್ನಿ. ಬಣ್ಣ, ಸುಗಂಧ, ಎಣ್ಣೆ ಬೆರೆತ ಉಗುರುಬಣ್ಣ ತೆಗೆಯುವ ದ್ರಾವಣ ಆಗದು. ಬಿರುಕನ್ನು ಒಳಗಿನಿಂದ ಬೆರಳಲ್ಲಿ ಮುಚ್ಚುವಂತೆ ಹಿಡಿದು, 000 ಸಂಖ್ಯೆಯ ಕುಂಚದ ತುದಿಗೆ ಒಂದೇ ಹನಿ ತೆಗೆದುಕೊಂಡು, ಕುಂಚವನ್ನು ಒಮ್ಮೆ ಹತ್ತಿ ಬಟ್ಟೆಗೆ ತಾಗಿಸಿ ಹೆಚ್ಚಿನದನ್ನು ಇಳಿಸಿ, ಬಿರುಕಿನ ಒಳಬದಿಗೆ ಮುಟ್ಟಿಸಬೇಕು. ಸಂದಿನೊಳಗೆ ತಾನೇ ಹರಿದುಹೋಗುತ್ತದೆ. ಒಂದು ನಿಮಿಷ ಅಲುಗಾಡದೆ ಹಿಡಿಯಬೇಕು, ಒಂದು ದಿನ ಮುಟ್ಟಬಾರದು. ಹೊರಬದಿಗೆ ಅಸಿಟೋನ್ ಬಂದರೆ ಹೊಳಪು ಹೋಗಿ ಮಂಕು ಕಲೆ ನಿಲ್ಲುತ್ತದೆ, ಅದನ್ನು ತೆಗೆಯಲು ಬೇರೆ ದಾರಿಯಿಲ್ಲ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ, ಬೆಸುಗೆ ಕಬ್ಬಿಣ ಇರಬಾರದು. ಇದೇ ಕೆಲಸವನ್ನು ಪಾಲಿಸ್ಟೈರೀನ್ ಬಾಡಿಗೆ ಮಾಡಿದರೆ ಆ ಮೂಲೆಯೇ ಕರಗಿ ಕುಸಿಯುತ್ತದೆ. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಅಂಟು.

ಸೂಪರ್‌ಗ್ಲೂ? ಅಂಟುತ್ತದೆ, ನಿಜ. ಆದರೆ ಅದರ ಆವಿ ಕಪ್ಪು ಬಾಡಿಯ ಮೇಲೆ ಬಿಳಿ ಮಸುಕು ಕೂರಿಸುತ್ತದೆ, ಗಡುಸಾದ ಗೆರೆಯ ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ. ಬೇಡ.

ಬಾಡಿಯ ಧೂಳು: ಮೆತ್ತನೆಯ ಒಣ ಕುಂಚ, ಆಮೇಲೆ ಒಂದು ಲೋಟ ತಣ್ಣೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಕೂಡಲೇ ಒಣ ಬಟ್ಟೆ. ಸಂಖ್ಯೆ, ಹೆಸರು, ಟೆಂಡರಿನ ಸಿಂಹದ ಗುರುತಿನ ಮೇಲೆ ಕುಂಚ ಬಿಟ್ಟು ಬೇರೇನೂ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿದರೆ ಬೆಳ್ಳಿ ಅಕ್ಷರ ಹತ್ತಿಗೆ ಬಂದುಬಿಡುತ್ತದೆ. ಮೂಲ ಅಕ್ಷರ ಅರ್ಧ ಅಳಿಸಿದ್ದರೂ ಅದನ್ನು ಹಾಗೇ ಬಿಡುವುದು ಸಂಗ್ರಹಕಾರರ ರೂಢಿ. ಹೊಸದಾಗಿ ಬರೆದದ್ದು ಎಷ್ಟು ಚೆನ್ನಾಗಿದ್ದರೂ ಬೆಲೆ ಇಳಿಸುತ್ತದೆ.

ಗಾಲಿಗಳ ಬಿಗಿತ

ಮೋಟಾರು ಇಲ್ಲದ ಚಾಸಿಯನ್ನು ಒಂದು ಗಾಜಿನ ಹಲಗೆಯ ಮೇಲಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಬೇಕು. ಸರಾಗವಾದ ಚಾಸಿ ಸಣ್ಣ ಇಳಿಜಾರಿಗೇ ಉರುಳುತ್ತದೆ. ಇದು ಉರುಳಲಿಲ್ಲ, ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ತಡೆಯುತ್ತಿತ್ತು. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ತಡೆದರೆ ಅದು ಕೊಳೆಯಲ್ಲ, ಜ್ಯಾಮಿತಿ. ಮೂರು ಸಾಧ್ಯತೆ: ಬಾಗಿದ ಕಪ್ಲಿಂಗ್ ರಾಡ್ (ಗಾಲಿಗಳನ್ನು ಜೋಡಿಸುವ ಸರಳು), ಆಕ್ಸಲಿನ ಮೇಲೆ ಜಾರಿದ ಗಾಲಿ, ರಾಡ್ ತೂತಿನಲ್ಲಿ ಗಟ್ಟಿಯಾದ ಎಣ್ಣೆ.

ಮೊದಲು ಸುಲಭದ್ದು. ರಾಡ್ ಪಿನ್ನುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲಿನ ಹನಿ ಬಿಟ್ಟು, ಹತ್ತು ನಿಮಿಷ ಕಾದು, ಹಲ್ಲುಕಡ್ಡಿಯಿಂದ ಕೆದಕಿದಾಗ ಕಂದು ಅಂಟು ಹೊರಬಂತು. ಹಳೆಯ ಎಣ್ಣೆ ಕಾಲ ಕಳೆದಂತೆ ಅರಗಿನಂತಾಗುತ್ತದೆ. ಬಿಗಿತ ಅರ್ಧ ಕಡಿಮೆಯಾಯಿತು, ತಡೆ ಹೋಗಲಿಲ್ಲ. ನಂತರ ಎರಡೂ ಬದಿಯ ರಾಡ್‌ಗಳನ್ನು ಮೇಲಿನಿಂದ ನೋಡಿದಾಗ ಬಲಗಡೆಯದು ನಡುವೆ ಹೊರಕ್ಕೆ ಬಾಗಿದ್ದು ಕಂಡಿತು. ಬಾಗಿದ ರಾಡಿನ ಎರಡು ತೂತುಗಳ ನಡುವಿನ ದೂರ ಕಡಿಮೆಯಾಗುತ್ತದೆ, ಆ ಕಡಿಮೆಯಾದ ಕೂದಲೆಳೆಯಷ್ಟೇ ಪ್ರತಿ ಸುತ್ತಿನಲ್ಲಿ ಗಾಲಿಯನ್ನು ಹಿಡಿಯುವುದು. ರಾಡನ್ನು ಬಿಚ್ಚಿ, ಎರಡು ಮರದ ತುಂಡುಗಳ ನಡುವೆ ವೈಸಿನಲ್ಲಿ ಇಟ್ಟು ನಿಧಾನ ಒತ್ತಿ ನೇರ ಮಾಡಿದೆ. ಇಕ್ಕಳದಲ್ಲಿ ಹಿಡಿದು ತಿರುಚಬೇಡಿ, ಹಲ್ಲಿನ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಎಷ್ಟೇ ಆಸೆಯಾದರೂ ಗಾಲಿಯನ್ನು ಆಕ್ಸಲಿನಿಂದ ಎಳೆಯಬಾರದು. ಎಡ ಬಲದ ಗಾಲಿಗಳ ಪಿನ್ನುಗಳು ಒಂದಕ್ಕೊಂದು 90 ಡಿಗ್ರಿ ಅಂತರದಲ್ಲಿ ಕೂತಿರುತ್ತವೆ. ಮೂರೂ ಆಕ್ಸಲಿನಲ್ಲಿ ಆ ಕೋನ ಒಂದೇ ಇರಬೇಕು. ಒಂದು ಡಿಗ್ರಿ ತಪ್ಪಿದರೂ ರಾಡ್ ಹಿಡಿಯುತ್ತದೆ. ಅದನ್ನು ಮತ್ತೆ ಕೂರಿಸಲು ಸರಿಯಾದ ಅಚ್ಚು ಬೇಕು, ಕಣ್ಣಳತೆ ಸಾಲದು. ಅಲ್ಲದೆ ಒಮ್ಮೆ ಎಳೆದ ಗಾಲಿ ಎರಡನೆಯ ಬಾರಿ ಅಷ್ಟೇ ಬಿಗಿಯಾಗಿ ಹಿಡಿಯುವುದಿಲ್ಲ.

ತುಕ್ಕಿನ ವಿಷಯ. ಈ ಗಾಲಿಗಳು ಕಬ್ಬಿಣದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದವು, ಎರಕ ಹೊಯ್ದದ್ದಲ್ಲ, ಕಡೆದದ್ದಲ್ಲ. ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರ. ಆದ್ದರಿಂದ ನಿಂಬೆರಸ, ವಿನಿಗರ್, ಅಂಗಡಿಯ ತುಕ್ಕು ಕರಗಿಸುವ ದ್ರವ, ಯಾವುದೂ ಬೇಡ. ಆಮ್ಲ ರಂಧ್ರದೊಳಗೆ ಇಳಿದು ಕೂತರೆ ತೊಳೆದು ತೆಗೆಯಲಾಗದು. ಮೂರು ವಾರಕ್ಕೆ ಮತ್ತೆ ತುಕ್ಕು, ಈ ಸಲ ಒಳಗಿನಿಂದ. ಚಾಸಿಯ ಸತುವಿನ ಎರಕಕ್ಕೆ ತಾಗಿದರಂತೂ ಅದನ್ನೇ ತಿನ್ನುತ್ತದೆ. ಹಿತ್ತಾಳೆ ತಂತಿಯ ಸಣ್ಣ ಬ್ರಷ್ಷಿನಿಂದ ಒಣಗಿಯೇ ಉಜ್ಜಿ, ಪುಡಿಯನ್ನು ಅಂಟುಟೇಪಿಗೆ ಹತ್ತಿಸಿ ತೆಗೆದು, ಗಾಲಿಯ ಮುಖಕ್ಕೆ ಎಣ್ಣೆ ಸವರಿದ ಬಟ್ಟೆ ಒಮ್ಮೆ ಆಡಿಸಿ, ಹಳಿಯ ಮೇಲೆ ಉರುಳುವ ಅಂಚನ್ನು ಮಾತ್ರ ಆಲ್ಕೊಹಾಲಿನಿಂದ ಪೂರ್ತಿ ಒರೆಸಿದೆ. ಉಜ್ಜುವಾಗ ಮೋಟಾರು ಇನ್ನೊಂದು ಕೋಣೆಯಲ್ಲಿರಲಿ. ಕಬ್ಬಿಣದ ಪುಡಿ ಮ್ಯಾಗ್ನೆಟ್ಟಿಗೆ ಹತ್ತಿದರೆ ತೆಗೆಯುವುದು ಒಂದು ದಿನದ ಕೆಲಸ.

ಈಗ ಗಾಜಿನ ಮೇಲೆ ಚಾಸಿ ತಾನಾಗಿ ಉರುಳುತ್ತದೆ.

ಮೋಟಾರು

ಎಕ್ಸ್04 ತೆರೆದ ಮೋಟಾರು, ಎಲ್ಲ ಭಾಗವೂ ಕಣ್ಣೆದುರಿಗೇ ಇದೆ. ಮೂರು ಧ್ರುವದ ಆರ್ಮೇಚರ್, ಕಾಂತಬಲವನ್ನು ಆರ್ಮೇಚರಿಗೆ ಒಯ್ಯುವ ಎರಡು ಕಬ್ಬಿಣದ ಪೋಲ್‌ಪೀಸ್‌ಗಳ ನಡುವೆ ಕಚ್ಚಿ ಕೂತ ಒಂದು ಮ್ಯಾಗ್ನೆಟ್ ತುಂಡು, ಎರಡು ಲೋಹದ ತೋಳುಗಳ ತುದಿಯಲ್ಲಿ ಕಾರ್ಬನ್ ಬ್ರಷ್, ಎರಡೂ ತೋಳುಗಳನ್ನು ಕಮ್ಯುಟೇಟರಿಗೆ (ಶಾಫ್ಟಿನ ಮೇಲಿನ ತಾಮ್ರದ ಪಟ್ಟಿಗಳ ಉರುಳೆ) ಒತ್ತುವ ಒಂದೇ ತಂತಿ ಸ್ಪ್ರಿಂಗ್.

ಮೊದಲು ಆರ್ಮೇಚರ್ ಬದುಕಿದೆಯೇ ನೋಡಬೇಕು. ಬ್ರಷ್ ಸ್ಪ್ರಿಂಗನ್ನು ಚಿಮುಟದಿಂದ ಎತ್ತಿ, ತೋಳುಗಳನ್ನು ಹಿಂದಕ್ಕೆ ಸರಿಸಿ, ಕಮ್ಯುಟೇಟರಿನ ಮೂರು ತಾಮ್ರದ ಪಟ್ಟಿಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ: ಒಂದು-ಎರಡು, ಎರಡು-ಮೂರು, ಮೂರು-ಒಂದು. ಅಂಕಿ ಎಷ್ಟು ಎನ್ನುವುದಕ್ಕಿಂತ ಮೂರೂ ಒಂದೇ ಇರುವುದು ಮುಖ್ಯ. ಇಲ್ಲಿ 10.4, 10.2, 10.5. ಒಂದು ಸುರುಳಿ ಸುಟ್ಟು ಒಳಗೇ ಶಾರ್ಟ್ ಆಗಿದ್ದರೆ ಒಂದು ಅಂಕಿ ಎದ್ದು ಕಾಣುವಷ್ಟು ಕಡಿಮೆ ಇರುತ್ತದೆ. ತಂತಿ ಕಡಿದಿದ್ದರೆ ಎದ್ದು ಕಾಣುವಷ್ಟು ಹೆಚ್ಚು. ನಂತರ ಪ್ರತಿ ಪಟ್ಟಿಗೂ ಶಾಫ್ಟಿಗೂ ನಡುವೆ ಅಳೆದರೆ ಸಂಪರ್ಕವೇ ಇರಬಾರದು. ಇರಲಿಲ್ಲ. ಆರ್ಮೇಚರ್ ಚೆನ್ನಾಗಿದೆ.

ಹಾಗಾದರೆ 0.62 ಆಂಪಿಯರ್ ಏಕೆ? ಪಟ್ಟಿಗಳ ನಡುವಿನ ಮೂರು ಸಂದುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾರಣದ ಒಂದು ಭಾಗ ಸಿಕ್ಕಿತು. ಕಾರ್ಬನ್ ಪುಡಿ ಮತ್ತು ಎಣ್ಣೆ ಸೇರಿ ಕಾಡಿಗೆಯಂತೆ ತುಂಬಿಕೊಂಡಿತ್ತು. ಕಾರ್ಬನ್ ಕರೆಂಟು ಹರಿಸುತ್ತದೆ, ಹಾಗಾಗಿ ಪಕ್ಕಪಕ್ಕದ ಪಟ್ಟಿಗಳ ನಡುವೆ ಸೋರಿಕೆ. ಮರದ ಹಲ್ಲುಕಡ್ಡಿಯನ್ನು ಉಳಿಯಂತೆ ಚೂಪು ಮಾಡಿ ಸಂದನ್ನು ಕೆದಕಿ, ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಕಮ್ಯುಟೇಟರಿಗೆ ಒತ್ತಿ ಹಿಡಿದು ಶಾಫ್ಟನ್ನು ಬೆರಳಲ್ಲಿ ತಿರುಗಿಸುತ್ತ ಹೋಗಿ, ಐದನೆಯ ಹತ್ತಿಕಡ್ಡಿ ಬಿಳಿಯಾಗಿ ಬರುವ ತನಕ. ಸೂಜಿ ಬಳಸಿದರೆ ತಾಮ್ರದ ಅಂಚು ಏಳುತ್ತದೆ, ಎದ್ದ ಅಂಚು ಬ್ರಷ್ಷನ್ನು ಕೆರೆಯುತ್ತದೆ. ಮರಳು ಕಾಗದವೂ ಬೇಡ. ಅದರ ಗೆರೆಗಳಲ್ಲಿ ಕಾರ್ಬನ್ ಮತ್ತೆ ಬೇಗ ತುಂಬುತ್ತದೆ.

ಬ್ರಷ್ಷುಗಳ ಕಾರ್ಬನ್ ತೀರ ಸವೆದು ತೋಳಿನ ಲೋಹ ಕಮ್ಯುಟೇಟರಿಗೆ ತಾಗುವ ಹಂತದಲ್ಲಿತ್ತು. ತಾಗಿದ್ದರೆ ತಾಮ್ರದಲ್ಲಿ ಕೊರಕಲು ಬಿದ್ದು ಆರ್ಮೇಚರ್ ಹೋಗುತ್ತಿತ್ತು. ಹೊಸ ಜೋಡಿ ಹಾಕಿದೆ. ಸ್ಪ್ರಿಂಗ್ ಕೂಡ ಬದಲು, ಕಾಯ್ದು ಕಾಯ್ದು ಹಳೆಯದರ ಬಿಗು ಹೋಗಿತ್ತು.

ಇಲ್ಲಿ ಈ ಮೋಟಾರಿನ ಅತಿ ಸಾಮಾನ್ಯ ತಪ್ಪು ನಡೆಯುತ್ತದೆ. ಸ್ಪ್ರಿಂಗಿನ ಎರಡು ಕಾಲುಗಳಲ್ಲಿ ಒಂದಕ್ಕೆ ಮಾತ್ರ ನಿರೋಧಕ ಕೊಳವೆ ತೊಡಿಸಿರುತ್ತದೆ. ಟ್ರೈ-ಆಂಗ್ ಚಾಸಿಯೇ ಒಂದು ಹಳಿಯ ಕರೆಂಟನ್ನು ಹೊತ್ತಿದೆ: ಒಂದು ಬದಿಯ ಗಾಲಿಗಳು ಲೋಹದ ಮೂಲಕ ನೇರ ಚಾಸಿಗೆ, ಅಲ್ಲಿಂದ ಒಂದು ಬ್ರಷ್ಷಿಗೆ. ಇನ್ನೊಂದು ಬದಿಯ ಗಾಲಿಗಳಿಂದ ಪಿಕಪ್ ಪಟ್ಟಿ (ಗಾಲಿಗೆ ತಾಗಿ ಕರೆಂಟು ತೆಗೆಯುವ ಲೋಹದ ಪಟ್ಟಿ), ಅದರಿಂದ ತಂತಿ, ತಂತಿಯಿಂದ ಪ್ರತ್ಯೇಕವಾಗಿಟ್ಟ ಎರಡನೆಯ ಬ್ರಷ್ಷಿಗೆ. ಸ್ಪ್ರಿಂಗಿನ ನಡುಭಾಗ ಮೋಟಾರಿನ ಮೈಗೆ ತಾಗಿಯೇ ಇರುತ್ತದೆ. ಆದ್ದರಿಂದ ಕೊಳವೆ ತೊಟ್ಟ ಕಾಲು ತಂತಿ ಬಂದ ಬ್ರಷ್ಷಿನ ಕಡೆಗೇ ಬರಬೇಕು. ಅದಲುಬದಲಾದರೆ ನೇರ ಶಾರ್ಟ್, ಕಂಟ್ರೋಲರ್ ಕೂಡಲೇ ಕಡಿತಗೊಳಿಸುತ್ತದೆ. ಕೊಳವೆ ಹರಿದಿದ್ದರೂ ಅದೇ ಗತಿ. ಹಳೆಯ ತಂತಿಯ ಹೊರಕವಚ ತೆಗೆದು 5 ಮಿ.ಮೀ. ಉದ್ದದ ಹೊಸ ಕೊಳವೆ ಮಾಡಿಕೊಳ್ಳಬಹುದು. ಜೋಡಿಸಿದ ಮೇಲೆ ಕರೆಂಟು ಕೊಡುವ ಮುಂಚೆ ತಂತಿಯ ಬ್ರಷ್ಷಿಗೂ ಮೋಟಾರಿನ ಮೈಗೂ ನಡುವೆ ಓಮ್ ನೋಡಿ: ಆರ್ಮೇಚರಿನ ಅಂಕಿ ಬಂದರೆ ಸರಿ, ಸೊನ್ನೆ ಬಂದರೆ ಕೊಳವೆ ತಪ್ಪಾಗಿದೆ. ರೇಡಿಯೊ ತೊಂದರೆ ತಡೆಯಲು ಹಾಕಿದ ಕೆಪಾಸಿಟರ್ ಇದ್ದರೆ ಅದರ ಒಂದು ಕಾಲು ಬಿಡಿಸಿ ಅಳೆಯಿರಿ, ಅವೂ ಹಳತಾಗಿ ಶಾರ್ಟ್ ಆಗುವುದುಂಟು.

ಈ ಹಂತದಲ್ಲಿ ಬರಿಯ ಮೋಟಾರು: 8 ವೋಲ್ಟಿಗೆ 0.47 ಆಂಪಿಯರ್. ಇಳಿಯಿತು, ಸಾಲದು. ವೇಗ ಮಾತ್ರ ವಿಪರೀತ, ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದರೆ ಸುಲಭವಾಗಿ ನಿಲ್ಲುತ್ತದೆ.

ಹೆಚ್ಚು ಕರೆಂಟು, ಹೆಚ್ಚು ವೇಗ, ಕಡಿಮೆ ಬಲ. ಈ ಮೂರೂ ಒಟ್ಟಿಗೆ ಕಂಡರೆ ಮ್ಯಾಗ್ನೆಟ್ ಸೊರಗಿದೆ ಎಂದರ್ಥ. ತಿರುಗುವ ಆರ್ಮೇಚರ್ ತಾನೇ ಒಂದು ಡೈನಮೊ. ಬರುವ ವೋಲ್ಟೇಜಿಗೆ ಎದುರಾಗಿ ಒಂದು ವೋಲ್ಟೇಜು ಹುಟ್ಟಿಸುತ್ತದೆ, ಅದೇ ಕರೆಂಟಿಗೆ ಕಡಿವಾಣ. ಮ್ಯಾಗ್ನೆಟ್ ಸೊರಗಿದರೆ ಆ ಎದುರು ವೋಲ್ಟೇಜು ಹುಟ್ಟಿಸಲು ಇನ್ನೂ ಜೋರಾಗಿ ತಿರುಗಬೇಕು, ಅಷ್ಟರ ತನಕ ಕರೆಂಟು ಸುರಿಯುತ್ತಲೇ ಇರುತ್ತದೆ. ಹೊರೆ ಬಿದ್ದು ವೇಗ ಇಳಿದರೆ ಸುರುಳಿ ಕಾಯುತ್ತದೆ. ಎಕ್ಸ್04ಗಳು ಸುಡುವ ಒಂದು ದಾರಿ ಇದು.

ಆ ಕಾಲದ ಅಲ್ನಿಕೊ ಜಾತಿಯ ಮ್ಯಾಗ್ನೆಟ್‌ಗಳು ಬಲವಾದವು, ಆದರೆ ಬಲವನ್ನು ಸುಲಭವಾಗಿ ಬಿಟ್ಟುಕೊಡುವಂಥವು. ಸುತ್ತಲೂ ಕಬ್ಬಿಣದ ದಾರಿ ಇರುವಷ್ಟು ದಿನ ಗಟ್ಟಿ. ಪೋಲ್‌ಪೀಸ್‌ಗಳ ನಡುವಿನಿಂದ ಎಳೆದು ಬರಿದೇ ಮೇಜಿನ ಮೇಲಿಟ್ಟರೆ ಆ ಕ್ಷಣವೇ ಒಂದಿಷ್ಟು ಬಲ ಹೋಯಿತು, ವಾಪಸು ಹಾಕಿದರೂ ಬರುವುದಿಲ್ಲ. ಆರ್ಮೇಚರನ್ನು ಹೊರತೆಗೆದರೂ ಇದೇ ತೊಂದರೆ, ಸ್ವಲ್ಪ ಕಡಿಮೆ ಮಟ್ಟದಲ್ಲಿ. ಹಾಗಾಗಿ ಕಮ್ಯುಟೇಟರ್ ತೊಳೆಯಲು ಆರ್ಮೇಚರ್ ಬಿಚ್ಚಬೇಕಿಲ್ಲ. ಮೇಲೆ ಹೇಳಿದ್ದೆಲ್ಲ ಅದು ಒಳಗಿದ್ದಾಗಲೇ ಮಾಡಿದ್ದು. ಬಿಚ್ಚಲೇಬೇಕಾದರೆ ಮೊದಲು ಪೋಲ್‌ಪೀಸ್‌ಗಳ ಎರಡೂ ಮೈಗೆ ಸೇತುವೆಯಂತೆ ಒಂದು ಮೆತು ಕಬ್ಬಿಣದ ಪಟ್ಟಿ ಅಂಟಿಸಿಕೊಂಡು ಆಮೇಲೆ ಕೈ ಹಾಕಿ. ಶಾಫ್ಟಿನ ವಾಷರುಗಳು ಯಾವ ಬದಿಗೆ ಎಷ್ಟಿದ್ದವು ಎಂದು ಬರೆದಿಡಿ.

ಸೊರಗಿದ ಮ್ಯಾಗ್ನೆಟ್ಟಿಗೆ ದಾರಿ ಎರಡು. ಒಂದು, ಮರುಕಾಂತೀಕರಣ. ಅದಕ್ಕೆಂದೇ ಮಾಡಿದ ಯಂತ್ರ ಇರುವವರಲ್ಲಿ ಮೋಟಾರನ್ನು ಇಡಿಯಾಗಿ, ಬಿಚ್ಚದೆ ಕೊಟ್ಟು ಮಾಡಿಸಬೇಕು. ಮನೆಯಲ್ಲಿ ತಂತಿ ಸುತ್ತಿ ಮೇನ್ಸ್ ಕರೆಂಟು ಕೊಟ್ಟು ಪ್ರಯತ್ನಿಸುವುದು ಜೀವಕ್ಕೆ ಅಪಾಯ, ಅಲ್ಲದೆ ಎಸಿ ಕರೆಂಟು ಇದ್ದ ಬಲವನ್ನೂ ಅಳಿಸುತ್ತದೆ. ಎರಡು, ನಿಯೊಡಿಮಿಯಂ ಮ್ಯಾಗ್ನೆಟ್. ಈ ಎಂಜಿನ್ನಿಗೆ ಎರಡನೆಯದನ್ನು ಆರಿಸಿದ್ದು ಅದನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆಯಬಹುದು ಎಂಬ ಕಾರಣಕ್ಕೆ.

ಹಳೆಯ ತುಂಡನ್ನು ಕ್ಯಾಲಿಪರಿನಿಂದ ಅಳೆದು, ಪೋಲ್‌ಪೀಸ್‌ಗಳ ನಡುವಿನ ಅಂತರಕ್ಕಿಂತ ತೆಳುವಾದ ನಿಯೊಡಿಮಿಯಂ ತುಂಡು ತಂದು, ಉಳಿದ ಜಾಗಕ್ಕೆ ಮೆತು ಉಕ್ಕಿನ ಚೂರು ಕತ್ತರಿಸಿ ತುಂಬಿದೆ. ತುಂಬದೆ ಗಾಳಿಯ ಸಂದು ಬಿಟ್ಟರೆ ಬಲ ಅಲ್ಲೇ ಸೋರುತ್ತದೆ, ಪೋಲ್‌ಪೀಸ್‌ಗಳೂ ಒಳಕ್ಕೆ ಬಾಗಿ ಆರ್ಮೇಚರಿಗೆ ತಾಗುತ್ತವೆ. ಧ್ರುವದ ದಿಕ್ಕನ್ನು ಹಳೆಯದಕ್ಕೆ ಸರಿಹೊಂದಿಸಿ. ಹಳೆಯದನ್ನು ತೆಗೆಯುವ ಮುಂಚೆ ದಿಕ್ಸೂಚಿ ಹಿಡಿದು ಯಾವ ಬದಿ ಉತ್ತರ ಎಂದು ಪೋಲ್‌ಪೀಸಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದರೆ ಸಾಕು. ತಲೆಕೆಳಗಾದರೆ ಎಂಜಿನ್ ಹಿಂದುಮುಂದಾಗಿ ಓಡುತ್ತದೆ, ಬೇರೆ ಹಾನಿಯಿಲ್ಲ. ಅತಿ ದೊಡ್ಡ ತುಂಡು ತುರುಕುವ ಆಸೆ ಬೇಡ. ಬಲ ಮಿತಿಮೀರಿದರೆ ಮೂರು ಧ್ರುವದ ಆರ್ಮೇಚರ್ ಪ್ರತಿ ಧ್ರುವಕ್ಕೂ ತಡೆತಡೆದು ತಿರುಗಿ, ನಿಧಾನಕ್ಕೆ ಹೊರಡುವ ಬದಲು ನೆಗೆದು ಹೊರಡುತ್ತದೆ.

ಬರಿಯ ಮೋಟಾರು, 8 ವೋಲ್ಟ್: 0.19 ಆಂಪಿಯರ್. ಬೆರಳಲ್ಲಿ ಹಿಡಿದರೆ ಈಗ ಸುಲಭವಾಗಿ ನಿಲ್ಲುವುದಿಲ್ಲ.

ಎಣ್ಣೆ, ಜೋಡಣೆ, ಓಟ

ಹೊಲಿಗೆ ಯಂತ್ರದ ಎಣ್ಣೆ, ಸೂಜಿಯ ತುದಿಗೆ ಹಿಡಿದಷ್ಟು. ಬೇರಿಂಗಿನ ಎರಡು ಫೆಲ್ಟ್ ತುಂಡುಗಳಿಗೆ ಒಂದೊಂದು ಹನಿ, ಆಕ್ಸಲ್ ತುದಿಗಳಿಗೆ ಅರ್ಧರ್ಧ, ರಾಡ್ ಪಿನ್ನುಗಳಿಗೆ ಬರಿದೇ ಮುಟ್ಟಿಸಿದಷ್ಟು. ಕಮ್ಯುಟೇಟರಿನ ಕಡೆ ಒಂದು ಚೂರೂ ಹೋಗಬಾರದು, ಹೋದರೆ ಆ ಕಾಡಿಗೆ ಮತ್ತೆ ಶುರು. ವರ್ಮ್ (ಶಾಫ್ಟಿನ ಮೇಲಿನ ಸ್ಕ್ರೂ ಆಕಾರದ ಹಲ್ಲು) ಮತ್ತು ಹಲ್ಲಿನ ಗಾಲಿಗೆ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಗ್ರೀಸ್ ಅಕ್ಕಿಕಾಳಿನಷ್ಟು. ಡಬ್ಲ್ಯುಡಿ-40 ಎಲ್ಲಿಗೂ ಬೇಡ.

ಮೋಟಾರನ್ನು ಚಾಸಿಗೆ ಕೂರಿಸುವಾಗ ವರ್ಮ್ ಹಲ್ಲಿಗೆ ಪೂರ್ತಿ ಒತ್ತಿಕೊಳ್ಳಬಾರದು. ಸಿಗರೇಟು ಕಾಗದದಷ್ಟು ತೆಳುವಾದ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಸ್ಕ್ರೂ ಬಿಗಿದು, ಗಾಲಿ ತಿರುಗಿಸಿ ಕಾಗದ ಹೊರಗೆ ತಂದರೆ ಉಳಿದ ಸಂದು ಸರಿಯಾಗಿರುತ್ತದೆ. ಹಲ್ಲು ಕಿರುಗುಟ್ಟಿದರೆ ಬಿಗಿ ಹೆಚ್ಚು, ಕಟಕಟ ಎಂದರೆ ಸಡಿಲ.

ಪಿಕಪ್ ಪಟ್ಟಿಯನ್ನು ಒರೆಸಿ, ಎಲ್ಲ ಗಾಲಿಗೂ ತಾಗುವ ಹಾಗೆ ಚಿಮುಟದಲ್ಲಿ ತುಸು ಎತ್ತಿದೆ. ಹೆಚ್ಚು ಎತ್ತಿದರೆ ಅದೇ ಬ್ರೇಕ್ ಆಗುತ್ತದೆ. ತಂತಿಯನ್ನು ಮರುಬೆಸುಗೆ ಹಾಕುವಾಗ ಬಾಡಿ ದೂರವಿರಲಿ.

ಬಾಡಿ ಇಲ್ಲದ ಚಾಸಿ ಹಳಿಯ ಮೇಲೆ: 6 ವೋಲ್ಟಿಗೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ. ಹತ್ತು ನಿಮಿಷಕ್ಕೊಮ್ಮೆ ಮೋಟಾರು ಮುಟ್ಟಿ ನೋಡಿ; ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಿದ್ದರೆ ನಿಲ್ಲಿಸಿ. ಹೊಸ ಬ್ರಷ್ಷು ಕಮ್ಯುಟೇಟರಿನ ದುಂಡಿಗೆ ಸವೆದು ಹೊಂದಿಕೊಳ್ಳಲು ಈ ಒಂದು ಗಂಟೆ ಬೇಕು. ನಂತರ ಬಾಡಿ, ಟೆಂಡರ್, ಮೂರು ಬೋಗಿಗಳೊಂದಿಗೆ 8 ವೋಲ್ಟಿಗೆ 0.31 ಆಂಪಿಯರ್. ಶುರುವಿನಲ್ಲಿ ನಿಂತಲ್ಲೇ 0.9 ಇತ್ತು.

ಹಳಿಯ ವಿಷಯ ಮರೆಯಬಾರದು. ಟ್ರೈ-ಆಂಗ್ ಗಾಲಿಗಳ ಅಂಚು ಆಳ, ಎರಡು ಗಾಲಿಗಳ ಒಳ ಅಂತರ ಇಂದಿನ 14.5 ಮಿ.ಮೀ.ಗಿಂತ ಕಿರಿದು. 2.54 ಮಿ.ಮೀ. ಎತ್ತರದ ಕೋಡ್ 100 ಹಳಿಯಲ್ಲಿ ಚೆನ್ನಾಗಿ ಓಡುತ್ತದೆ. ತೆಳುವಾದ ಕೋಡ್ 75ರಲ್ಲಿ ಅಂಚು ಸ್ಲೀಪರಿನ ಮೇಲೆ ಹಳಿಯನ್ನು ಹಿಡಿದಿರುವ ಹಿಡಿಕೆಗಳಿಗೆ ಬಡಿದು ಟಕಟಕ ಎನ್ನುತ್ತದೆ, ಹೊಸ ಪಾಯಿಂಟುಗಳ (ಹಳಿ ಬದಲಿಸುವ ಜಾಗ) ಕವಲಿನಲ್ಲಿ ಏರಿ ಹಾರುತ್ತದೆ. ಅದಕ್ಕಾಗಿ ಗಾಲಿ ಕಡೆಸಬೇಡಿ, ಹಳಿಯನ್ನೇ ಬದಲಿಸಿ. ಡಿಸಿಸಿ (ಡಿಜಿಟಲ್ ನಿಯಂತ್ರಣ) ಚಿಪ್ ಹಾಕುವ ಯೋಚನೆಯೂ ಇದಕ್ಕೆ ಹೊಂದದು: ಚಾಸಿಗೆ ಸೇರಿದ ಬ್ರಷ್ಷನ್ನು ಬೇರ್ಪಡಿಸಲು ಮೂಲ ಭಾಗಗಳನ್ನು ಕೊರೆಯಬೇಕಾಗುತ್ತದೆ.

ಇಡುವ ಜಾಗ

ಅಸಿಟೇಟ್ ಬಾಡಿ ತಾನು ಬಿಡುವ ಆಮ್ಲದ ಆವಿಯಿಂದಲೇ ಇನ್ನಷ್ಟು ಬೇಗ ಕೆಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಜಿಪ್ ಚೀಲ, ಬಬಲ್ ಹೊದಿಕೆ ಎಲ್ಲವೂ ಆ ಆವಿಯನ್ನು ಹಿಡಿದಿಡುತ್ತವೆ. ಆಮ್ಲರಹಿತ ಕಾಗದದಲ್ಲಿ ಸಡಿಲವಾಗಿ ಸುತ್ತಿ, ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಬೇರೆ ಎಂಜಿನ್ನುಗಳಿಂದ ದೂರ ಇಡಬೇಕು. ಅದೇ ಆವಿ ಪಕ್ಕದ ಎಂಜಿನ್ನಿನ ಸತುವಿನ ಎರಕವನ್ನೂ ಕಬ್ಬಿಣದ ಗಾಲಿಯನ್ನೂ ತಿನ್ನುತ್ತದೆ. ಮಂಗಳೂರು, ಕಾರವಾರದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗೆ 50 ಗ್ರಾಂ ಸಿಲಿಕಾ ಜೆಲ್ ಇಟ್ಟು ವಾರಕ್ಕೊಮ್ಮೆ ಒಣಗಿಸಿ, ಗಾಲಿಗಳಿಗೆ ತಿಂಗಳಿಗೊಮ್ಮೆ ಎಣ್ಣೆ ಬಟ್ಟೆ ಆಡಿಸಬೇಕು. ಬೀರುವಿನ ಮೇಲಿನ ಬಿಸಿ ಖಾನೆಗಿಂತ ಕೆಳಗಿನ ತಂಪು ಖಾನೆ ವಾಸಿ.

ಹಳೆಯ ಮ್ಯಾಗ್ನೆಟ್ಟನ್ನು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಕಟ್ಟಿ, ಹಳೆಯ ಬ್ರಷ್ ಮತ್ತು ಸ್ಪ್ರಿಂಗಿನೊಂದಿಗೆ ಕಾಗದದ ಪೊಟ್ಟಣದಲ್ಲಿಟ್ಟಿದೆ. ಮೇಲೆ ಪೆನ್ಸಿಲಿನಲ್ಲಿ: ಎಕ್ಸ್04, ಮೂಲ ಭಾಗಗಳು, ಆರ್50 ಬಾಡಿಗೆ ಸೇರಿದ್ದು, ಮೋಟಾರು ಹಿಂದೆಯೇ ಬದಲಾಗಿದೆ. ಪೊಟ್ಟಣ ಪೆಟ್ಟಿಗೆಯಲ್ಲಿ ಟೆಂಡರಿನ ಕೆಳಗೆ.